ನೆಲದಡಿಯ ಕೆಲಸದಲ್ಲಿ ಜಿಯಾಲಜಿ ಮತ್ತು ಜಿಯೋಮೆಕ್ಯಾನಿಕ್ಸ್ ಎರಡನ್ನೂ ಜೋಡಿಸೋದು ಹೇಗೆ: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಟನಲ್ ಆಗ್ಲಿ, ಗಣಿ ಆಗ್ಲಿ, ಎಣ್ಣೆ ಬಾವಿ ಅಥವಾ ಜಿಯೋಥರ್ಮಲ್ ಬಾವಿ ಆಗ್ಲಿ, ನೆಲದೊಳಗೆ ಕೈ ಹಾಕೋ ಯಾವ ಕೆಲಸದಲ್ಲೂ ಎರಡು ಪ್ರಶ್ನೆ ಇದ್ದೇ ಇರತ್ತೆ. ಕೆಳಗೆ ಯಾವ ಕಲ್ಲಿದೆ, ಅದು ಅಲ್ಲಿಗೆ ಹೇಗೆ ಬಂತು, ಇಷ್ಟು ಕಾಲದಲ್ಲಿ ಅದಕ್ಕೆ ಏನೇನಾಗಿದೆ, ಇದು ಜಿಯಾಲಜಿ. ಆ ಕಲ್ಲಿನ ಮೇಲೆ ಈಗ ಎಷ್ಟು ಸ್ಟ್ರೆಸ್ (ಒತ್ತುವ ಬಲ) ಇದೆ, ನಾವು ತೂತು ಮಾಡಿದ್ರೆ ತಡ್ಕೊಳ್ಳತ್ತಾ ಒಡೆಯತ್ತಾ, ಇದು ಜಿಯೋಮೆಕ್ಯಾನಿಕ್ಸ್. ಬಹಳ ಕಡೆ ಇದನ್ನ ಎರಡು ಬೇರೆ ಟೀಮ್‌ಗಳು ಮಾಡ್ತವೆ, ಜಿಯಾಲಜಿಸ್ಟ್ ದಪ್ಪ ರಿಪೋರ್ಟ್ ಬರೆದು ಕೊಡ್ತಾರೆ, ಎಂಜಿನಿಯರ್ ಅದರ ಕೊನೇಲಿರೋ ಟೇಬಲ್ ಒಂದನ್ನೇ ತಗೊಂಡು ಸಾಫ್ಟ್‌ವೇರ್‌ಗೆ ಹಾಕ್ತಾರೆ, ಎಡವಟ್ಟು ಶುರುವಾಗೋದೇ ಅಲ್ಲಿ. ಯಾಕಂದ್ರೆ ಆ ಟೇಬಲ್‌ನಲ್ಲಿರೋ ಪ್ರತಿ ಅಂಕಿಗೂ ಒಂದು ಜಾಗ ಇದೆ, ಒಂದು ದಿಕ್ಕಿದೆ, ಒಂದು ಹಿನ್ನೆಲೆ ಇದೆ, ಅದನ್ನ ಬಿಟ್ಟು ಅಂಕಿ ಮಾತ್ರ ತಗೊಂಡ್ರೆ ಲೆಕ್ಕ ಸರಿ ಬಂದ್ರೂ ಉತ್ತರ ತಪ್ಪಾಗತ್ತೆ.

ಇದಕ್ಕೆ ದೊಡ್ಡ ಬೆಲೆ ತೆತ್ತ ಉದಾಹರಣೆ ಫ್ರಾನ್ಸಿನ ಮಾಲ್ಪಾಸೆ ಅಣೆಕಟ್ಟು. 1959ರ ಡಿಸೆಂಬರ್ 2ರ ರಾತ್ರಿ ಅದು ಒಡೆದು 400ಕ್ಕೂ ಹೆಚ್ಚು ಜನ ಸತ್ರು. ಕಾಂಕ್ರೀಟ್ ಕಮಾನಿನ ಲೆಕ್ಕದಲ್ಲಿ ದೋಷ ಇರ್ಲಿಲ್ಲ. ಎಡದಂಡೆಯ ನೈಸ್ ಕಲ್ಲಿನ ಪದರಗಳ ಓರೆ, ಕೆಳಭಾಗದಲ್ಲಿದ್ದ ಫಾಲ್ಟ್ (ಎರಡು ಬದಿಯ ಕಲ್ಲು ಜಾರಿರೋ ದೊಡ್ಡ ಬಿರುಕು), ಇವೆರಡೂ ಸೇರಿ ಒಂದು ಬೆಣೆ ಆಕಾರದ ಬಂಡೆಯನ್ನ ಬಿಡಿಸಿಟ್ಟಿದ್ವು, ಬಿರುಕಿನೊಳಗೆ ಏರಿದ ನೀರಿನ ಒತ್ತಡ ಅದನ್ನ ತಳ್ಳಿಬಿಡ್ತು. ಇದಾದ ಮೇಲೆ ರಾಕ್ ಮೆಕ್ಯಾನಿಕ್ಸ್ ಅನ್ನೋದನ್ನ ಪ್ರತ್ಯೇಕ ವಿಷಯವಾಗಿ ಜನ ಗಂಭೀರವಾಗಿ ತಗೊಂಡ್ರು, 1962ರಲ್ಲಿ ಅದಕ್ಕೊಂದು ಅಂತಾರಾಷ್ಟ್ರೀಯ ಸಂಘವೂ ಹುಟ್ಟಿತು.

ಈಗ ಕೆಲಸಕ್ಕೆ ಬರೋಣ. ಕೆಳಗಿನ ಹಂತಗಳು ಒಂದರ ಹಿಂದೆ ಒಂದು ಬರತ್ವೆ, ಆದ್ರೆ ಒಂದ್ಸಲ ಮುಗಿಸಿ ಮುಚ್ಚಿಡೋಕಲ್ಲ, ಮುಂದಿನ ಹಂತದಲ್ಲಿ ಸಿಕ್ಕಿದ್ದು ಹಿಂದಿನ ಹಂತವನ್ನ ತಿದ್ದತ್ತೆ.

ಹಂತ 1: ಮೊದಲು ಕಲ್ಲಿನ ಚರಿತ್ರೆ ಬರೀರಿ

ಡ್ರಿಲ್ಲಿಂಗ್ ಶುರು ಮಾಡೋ ಮೊದಲೇ ಒಂದು ಪುಟದಲ್ಲಿ ಆ ಜಾಗದ ಕತೆ ಬರೀಬೇಕು. ಯಾವ ಪದರ ಎಂಥ ಪರಿಸರದಲ್ಲಿ ಬಿತ್ತು, ಎಷ್ಟು ಆಳಕ್ಕೆ ಹೂತುಹೋಗಿತ್ತು, ಆಮೇಲೆ ಮೇಲಕ್ಕೆ ಬಂತಾ, ಎಷ್ಟು ಸಲ ಮಡಿಚಿದೆ, ಎಷ್ಟು ಸಲ ಒಡೆದಿದೆ, ಬಿಸಿ ನೀರು ಓಡಾಡಿ ಖನಿಜ ಬದಲಾಗಿದ್ಯಾ.

ಇದೆಲ್ಲ ಎಂಜಿನಿಯರಿಂಗ್‌ಗೆ ಯಾಕೆ ಬೇಕು ಅಂತ ಕೇಳೋರಿದ್ದಾರೆ. ಒಂದೊಂದು ವಾಕ್ಯಕ್ಕೂ ಒಂದು ಯಾಂತ್ರಿಕ ಪರಿಣಾಮ ಇದೆ. ಒಂದು ಕಾಲದಲ್ಲಿ ಎರಡು ಕಿಲೋಮೀಟರ್ ಆಳದಲ್ಲಿದ್ದ ಶೇಲ್ (ಜೇಡಿ ಗಟ್ಟಿಯಾಗಿ ಆದ ಪದರಗಲ್ಲು) ಈಗ 300 ಮೀಟರ್ ಆಳದಲ್ಲಿದ್ರೆ, ಮೇಲಿನ ಭಾರ ಸವೆದು ಹೋಗಿದ್ರೂ ಅಡ್ಡ ದಿಕ್ಕಿನ ಸ್ಟ್ರೆಸ್ ಅಷ್ಟೇ ಪ್ರಮಾಣದಲ್ಲಿ ಇಳಿದಿರಲ್ಲ, ಹಾಗಾಗಿ ಕಮ್ಮಿ ಆಳದಲ್ಲೂ ಅಡ್ಡ ಸ್ಟ್ರೆಸ್ ಜಾಸ್ತಿ ಇರಬಹುದು ಅಂತ ಎಚ್ಚರ ಇಟ್ಕೋಬೇಕು. ಜೇಡಿ ಮಣ್ಣು ತುಂಬಾ ಬೇಗ ಬೇಗ ಬಿದ್ದ ಕಡೆ ನೀರು ಹೊರಗೆ ಹೋಗೋಕೆ ಟೈಮ್ ಸಿಕ್ಕಿರಲ್ಲ, ಅಲ್ಲಿ ಪೋರ್ ಪ್ರೆಶರ್ (ಕಲ್ಲಿನ ಸಣ್ಣ ರಂಧ್ರಗಳಲ್ಲಿರೋ ನೀರಿನ ಒತ್ತಡ) ಸಾಮಾನ್ಯಕ್ಕಿಂತ ಜಾಸ್ತಿ ಇರೋ ಸಾಧ್ಯತೆ ಇದೆ. ಉಪ್ಪಿನ ಪದರ ಇದ್ರೆ ಅದು ಗಟ್ಟಿ ಕಲ್ಲಿನ ಥರ ನಿಲ್ಲಲ್ಲ, ವರ್ಷಗಟ್ಟಲೆ ನಿಧಾನವಾಗಿ ಹರಿಯತ್ತೆ, ಬಾವಿಯ ಗೋಡೆಗೆ ಹಾಕಿರೋ ಕೇಸಿಂಗ್ ಪೈಪನ್ನ ಹಿಸುಕಿ ಹಾಕಬಲ್ಲದು.

ಖನಿಜದ ವಿಷಯದಲ್ಲಂತೂ ಯಾರೂ ಉದಾಸೀನ ಮಾಡಬಾರದು. ಜರ್ಮನಿಯ ಸ್ಟೌಫೆನ್ ಅನ್ನೋ ಹಳೇ ಊರಲ್ಲಿ 2007ರಲ್ಲಿ ಟೌನ್ ಹಾಲ್ ಬಿಸಿ ಮಾಡೋಕೆ ಅಂತ 7 ಜಿಯೋಥರ್ಮಲ್ ಬೋರ್ ಕೊರೆದ್ರು. ಕೆಳಗೆ ಅನ್‌ಹೈಡ್ರೈಟ್ ಪದರ ಇತ್ತು, ಬೋರ್ ಮೂಲಕ ನೀರು ಅಲ್ಲಿಗೆ ತಲುಪ್ತು, ಅನ್‌ಹೈಡ್ರೈಟ್ ನೀರು ಹೀರಿ ಜಿಪ್ಸಮ್ ಆಯ್ತು. ಆ ಬದಲಾವಣೆಯಲ್ಲಿ ಖನಿಜದ ಗಾತ್ರ ಸುಮಾರು ಶೇಕಡಾ 60ರಷ್ಟು ಹಿಗ್ಗತ್ತೆ. ಊರಿನ ನೆಲವೇ ಮೇಲೆದ್ದು 200ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಬಿಡ್ತು. ಅಲ್ಲಿ ಯಾವ ಸ್ಟ್ರೆಂತ್ ಟೆಸ್ಟ್ ಮಾಡಿದ್ರೂ ಈ ಅಪಾಯ ಕಾಣ್ತಿರ್ಲಿಲ್ಲ, ಯಾವ ಪದರದಲ್ಲಿ ಯಾವ ಖನಿಜ ಇದೆ, ಅದಕ್ಕೆ ನೀರು ತಾಗಿದ್ರೆ ಏನಾಗತ್ತೆ ಅನ್ನೋ ಪ್ರಶ್ನೆ ಮಾತ್ರ ಅದನ್ನ ತೋರಿಸ್ತಿತ್ತು.

ಹಂತ 2: ಕೋರ್ ನೋಡೋವಾಗ ಬಿರುಕುಗಳನ್ನ ಕಲ್ಲಿಗಿಂತ ಹೆಚ್ಚು ನೋಡಿ

ಕೋರ್ (ಕೊರೆದು ತೆಗೆದ ಉದ್ದನೆ ಕಲ್ಲಿನ ತುಂಡು) ಬಾಕ್ಸ್ ಮುಂದೆ ಕೂತಾಗ ಕಲ್ಲಿನ ಹೆಸರು ಬರೆಯೋದು ಸುಲಭದ ಭಾಗ. ಮುಖ್ಯವಾದ್ದು ಜಾಯಿಂಟ್‌ಗಳು, ಅಂದ್ರೆ ಬಂಡೆಯಲ್ಲಿರೋ ಸಹಜ ಬಿರುಕುಗಳು. ಎಷ್ಟು ಸೆಟ್ (ಒಂದೇ ದಿಕ್ಕಿನ ಗುಂಪು) ಇವೆ, ಯಾವ ದಿಕ್ಕು, ಎಷ್ಟು ಓರೆ, ಎಷ್ಟು ಅಂತರ, ಮೇಲ್ಮೈ ಒರಟಾ ನುಣುಪಾ, ಒಳಗೆ ಏನು ತುಂಬಿದೆ. ಕ್ಯಾಲ್ಸೈಟ್ ತುಂಬಿ ಅಂಟಿಕೊಂಡಿರೋ ಬಿರುಕೂ ಜೇಡಿ ತುಂಬಿರೋ ಬಿರುಕೂ ಮ್ಯಾಪ್‌ನಲ್ಲಿ ಒಂದೇ ಥರ ಗೆರೆ, ಆದ್ರೆ ಜಾರೋ ವಿಷಯದಲ್ಲಿ ಅಜಗಜಾಂತರ. ಗೀಚು ಇರೋ ಹೊಳಪು ಮೇಲ್ಮೈ ಕಂಡ್ರೆ ಅಲ್ಲಿ ಈಗಾಗಲೇ ಒಂದು ಸಲ ಜಾರಿದೆ ಅಂತ ಅರ್ಥ, ಅದರ ಶಕ್ತಿ ಆಗಲೇ ಕಳೆದುಹೋಗಿದೆ, ಡಿಸೈನ್‌ನಲ್ಲಿ ಜಾರಿದ ಮೇಲೆ ಉಳಿದಿರೋ ಶಕ್ತಿಯನ್ನೇ ಬಳಸಬೇಕು.

ಬಂಡೆಯ ಗುಣಮಟ್ಟ ಹೇಳೋ ಆರ್‌ಕ್ಯೂಡಿ ಅಂಕಿ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು, 10 ಸೆಂಟಿಮೀಟರ್‌ಗಿಂತ ಉದ್ದದ ತುಂಡುಗಳ ಒಟ್ಟು ಉದ್ದವನ್ನ ಕೊರೆದ ಉದ್ದದಿಂದ ಭಾಗಿಸಿ ಶೇಕಡಾವಾರು ಹೇಳೋದು. ಉಪಯೋಗ ಇದೆ, ಆದ್ರೆ ಅದರಲ್ಲಿ ಎರಡು ಮೋಸ ಅಡಗಿದೆ. ಮೊದಲನೆಯದು, ನೇರ ಕೆಳಗೆ ಕೊರೆದ ಬೋರ್‌ಹೋಲ್‌ಗೆ ನೆಟ್ಟಗೆ ನಿಂತಿರೋ ಜಾಯಿಂಟ್‌ಗಳು ಸಿಗೋದೇ ಅಪರೂಪ, ಎರಡೂ ಒಂದೇ ದಿಕ್ಕಲ್ಲಿ ಹೋಗ್ತಿರತ್ವೆ, ಹಾಗಾಗಿ ಆರ್‌ಕ್ಯೂಡಿ 95 ಬಂದ ಕಡೇನೇ ಅಡ್ಡ ಟನಲ್ ಹೊಡೆದಾಗ ಮೀಟರ್‌ಗೊಂದು ಬಿರುಕು ಎದುರಾಗಬಹುದು. ಓರೆ ಬೋರ್ ಒಂದಾದ್ರೂ ಇರಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳೋದು ಇದಕ್ಕೇ. ಎರಡನೆಯದು, ಕೋರ್ ಸಿಗದೇ ಹೋದ ಜಾಗ. ಬಾಕ್ಸ್‌ನಲ್ಲಿ ಖಾಲಿ ಬಿಟ್ಟ ಅರ್ಧ ಮೀಟರ್ ಅಂದ್ರೆ ಬಹಳ ಸಲ ಅಲ್ಲೇ ಫಾಲ್ಟ್‌ನ ಪುಡಿಯೋ ಮೆತ್ತನೆ ಜೇಡಿಯೋ ಇತ್ತು, ನೀರಿಗೆ ತೊಳೆದು ಹೋಗಿದೆ. ಇಡೀ ಪ್ರಾಜೆಕ್ಟ್‌ನ ಭವಿಷ್ಯ ತೀರ್ಮಾನ ಆಗೋದು ಆ ಅರ್ಧ ಮೀಟರ್‌ನಿಂದ, ಅದನ್ನ 'ಡೇಟಾ ಇಲ್ಲ' ಅಂತ ಬರೆದು ಮುಂದೆ ಹೋಗಬೇಡಿ, ಬೋರ್‌ಹೋಲ್ ಒಳಗೆ ಇಮೇಜ್ ಲಾಗ್ (ಗೋಡೆಯ ಚಿತ್ರ ತೆಗೆಯೋ ಅಳತೆ) ಓಡಿಸಿ ಅಲ್ಲಿ ಏನಿದೆ ಅಂತ ನೋಡಿ.

ಹಂತ 3: ಜಾಗವನ್ನ ಡೊಮೇನ್‌ಗಳಾಗಿ ಒಡೆಯಿರಿ

ಒಂದೇ ಥರ ವರ್ತಿಸೋ ಭಾಗಗಳನ್ನ ಗುರುತಿಸಿ ಗಡಿ ಎಳೀಬೇಕು. ಗಡಿ ಅಂದ್ರೆ ಯಾವಾಗಲೂ ಕಲ್ಲಿನ ಪ್ರಕಾರ ಬದಲಾಗೋ ಜಾಗ ಅಂತಲ್ಲ. ಒಂದೇ ಗ್ರಾನೈಟ್ ಒಳಗೆ ಫಾಲ್ಟ್‌ನ ಅಕ್ಕಪಕ್ಕದ 20 ಮೀಟರ್ ಬೇರೆ ಡೊಮೇನ್, ಹವೆಗೆ ಸವೆದ ಮೇಲ್ಭಾಗ ಬೇರೆ ಡೊಮೇನ್. ಹಾಗೇ ಮರಳುಗಲ್ಲು ಮತ್ತು ಸುಣ್ಣಕಲ್ಲು ಬೇರೆ ಬೇರೆ ಆಗಿದ್ರೂ ಶಕ್ತಿ, ಬಿರುಕು ಎರಡೂ ಹತ್ತಿರ ಇದ್ರೆ ಒಂದೇ ಡೊಮೇನ್ ಮಾಡಬಹುದು. ಇದನ್ನ ಜಿಯಾಲಜಿಸ್ಟ್ ಮತ್ತು ಎಂಜಿನಿಯರ್ ಒಂದೇ ಟೇಬಲ್‌ನಲ್ಲಿ ಕೂತು ಮಾಡಬೇಕು, ಇಮೇಲ್‌ನಲ್ಲಿ ಆಗೋ ಕೆಲಸ ಅಲ್ಲ. ಇಡೀ ಸೈಟ್‌ಗೆ ಸರಾಸರಿ ತೆಗೆದ ಒಂದೇ ಅಂಕಿ ಹಾಕೋದು ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಅಪಾಯಕಾರಿ ಅನ್ಸೋ ಅಭ್ಯಾಸ. ಗಟ್ಟಿ ಕಲ್ಲು ಮತ್ತು ಮೆತ್ತನೆ ಕಲ್ಲಿನ ಸರಾಸರಿ ಅನ್ನೋ ಕಲ್ಲು ಅಲ್ಲಿ ಎಲ್ಲೂ ಇರಲ್ಲ.

ಹಂತ 4: ಲ್ಯಾಬ್ ಅಂಕಿಯನ್ನ ನೆಲದ ಅಂಕಿ ಅಂದ್ಕೋಬೇಡಿ

ಪ್ರತಿ ಡೊಮೇನ್‌ಗೂ ಸ್ಯಾಂಪಲ್ ಆರಿಸಿ ಯುಸಿಎಸ್ (ಸುತ್ತ ಒತ್ತಡ ಇಲ್ಲದೆ ಒತ್ತಿದಾಗ ಒಡೆಯೋ ಮಿತಿ), ಟ್ರೈಆಕ್ಸಿಯಲ್ (ಸುತ್ತಲೂ ಒತ್ತಿ ಹಿಡಿದಾಗಿನ ಮಿತಿ), ಬ್ರೆಜಿಲಿಯನ್ ಟೆಸ್ಟ್ (ಎಳೆತಕ್ಕೆ ಸೀಳೋ ಮಿತಿ), ಜಾಯಿಂಟ್ ಮೇಲೆ ಡೈರೆಕ್ಟ್ ಶಿಯರ್ (ಜಾರೋ ಮಿತಿ) ಮಾಡಿಸಿ. ಆರಿಸೋದ್ರಲ್ಲೇ ಪಕ್ಷಪಾತ ನುಸುಳತ್ತೆ, ಯಾಕಂದ್ರೆ ಟೆಸ್ಟ್‌ಗೆ ಬೇಕಾದ ನೆಟ್ಟಗಿನ ಉದ್ದ ತುಂಡು ಸಿಗೋದು ಗಟ್ಟಿ ಕಲ್ಲಲ್ಲಿ ಮಾತ್ರ. ದುರ್ಬಲ ಭಾಗಕ್ಕೆ ಪಾಯಿಂಟ್ ಲೋಡ್ (ಎರಡು ಮೊನೆಗಳ ನಡುವೆ ಒತ್ತಿ ಒಡೆಯೋದು) ಅಥವಾ ಸಣ್ಣ ತುಂಡಿನ ಬೇರೆ ಟೆಸ್ಟ್ ಹುಡುಕಿ, ಆದ್ರೆ ಬಿಟ್ಟುಬಿಡಬೇಡಿ.

ಪದರ ಪದರವಾಗಿರೋ ಶೇಲ್, ಸ್ಲೇಟ್, ಶಿಸ್ಟ್ ಇದ್ರೆ ಲೋಡ್ ಯಾವ ಕೋನದಲ್ಲಿ ಹಾಕಿದ್ರು ಅಂತ ರಿಪೋರ್ಟ್‌ನಲ್ಲಿ ಇರಲೇಬೇಕು. ಲೋಡ್ ಮತ್ತು ಪದರದ ನಡುವೆ ಸುಮಾರು 30 ಡಿಗ್ರಿ ಇರೋವಾಗ ಶಕ್ತಿ ತಳ ಕಾಣತ್ತೆ, ಲಂಬವಾಗಿ ಒತ್ತಿದಾಗಿನ ಅಂಕಿಯ ಅರ್ಧಕ್ಕಿಂತ ಕೆಳಗೂ ಇಳೀಬಹುದು. ಓರೆಯಾಗಿ ಕೊರೆದ ಬಾವಿಗಳು ಶೇಲ್‌ನಲ್ಲಿ ಕುಸಿಯೋಕೆ ಇದೂ ಒಂದು ಕಾರಣ, ನೇರ ಬಾವಿಯಲ್ಲಿ ಸರಿ ಇದ್ದ ಮಡ್ (ಕೊರೆಯೋವಾಗ ಬಾವಿಗೆ ತುಂಬೋ ಕೆಸರಿನಂಥ ದ್ರವ) ತೂಕ ಓರೆ ಬಾವಿಗೆ ಸಾಕಾಗಲ್ಲ.

ಆಮೇಲೆ ಅಳತೆಯ ಪ್ರಶ್ನೆ. 50 ಮಿಲಿಮೀಟರ್ ಕೋರ್‌ನಲ್ಲಿ ಜಾಯಿಂಟ್ ಇರಲ್ಲ, 10 ಮೀಟರ್ ಗುಹೆಯ ಸುತ್ತ ನೂರಾರು ಇರತ್ವೆ. ಈ ಸೇತುವೆ ಕಟ್ಟೋಕೇ 1973ರಲ್ಲಿ ಬೀನಿಯಾವ್ಸ್ಕಿ ಬಂಡೆಗೆ ಅಂಕ ಕೊಡೋ ಆರ್‌ಎಂಆರ್ ತಂದ್ರು, 1974ರಲ್ಲಿ ಬಾರ್ಟನ್ ಮತ್ತು ಸಂಗಡಿಗರು ಅಂಥದ್ದೇ ಇನ್ನೊಂದು ಕ್ಯೂ ಸಿಸ್ಟಮ್ ತಂದ್ರು, 1980ರಲ್ಲಿ ಹೋಕ್ ಮತ್ತು ಬ್ರೌನ್ ಬಂಡೆ ಯಾವ ಸ್ಟ್ರೆಸ್‌ಗೆ ಒಡೆಯತ್ತೆ ಅಂತ ಹೇಳೋ ತಮ್ಮ ಫೇಲ್ಯೂರ್ ಸೂತ್ರ ಕೊಟ್ರು, ಆಮೇಲೆ ಅದಕ್ಕೆ ಜಿಎಸ್‌ಐ (ಬಿರುಕು, ಮೇಲ್ಮೈ ನೋಡಿ ಬಂಡೆಗೆ ಕೊಡೋ ಅಂಕ) ಜೋಡಣೆ ಆಯ್ತು. ಇವೆಲ್ಲ ಜಿಯಾಲಜಿಸ್ಟ್ ಕಣ್ಣಲ್ಲಿ ನೋಡಿದ್ದನ್ನ ಎಂಜಿನಿಯರ್ ಲೆಕ್ಕಕ್ಕೆ ದಾಟಿಸೋ ಸಾಧನಗಳು, ಆದ್ರೆ ಪ್ರತಿಯೊಂದಕ್ಕೂ ಮಿತಿ ಇದೆ. ಆರ್‌ಎಂಆರ್ ಲೆಕ್ಕದಲ್ಲಿ ನೆಲದೊಳಗಿನ ಸ್ಟ್ರೆಸ್ ಸೇರೋದೇ ಇಲ್ಲ. ಜಿಎಸ್‌ಐ ಹಿಡ್ಕೊಂಡು ಹೋಕ್-ಬ್ರೌನ್ ಹಾಕೋದು ಬಂಡೆ ಎಲ್ಲ ದಿಕ್ಕಲ್ಲೂ ಹೆಚ್ಚುಕಮ್ಮಿ ಒಂದೇ ಥರ ಒಡೆದಿದ್ದಾಗ ಮಾತ್ರ ಸರಿ, ಒಂದೇ ದೊಡ್ಡ ಜಾಯಿಂಟ್ ಸೆಟ್ ಯಜಮಾನಿಕೆ ಮಾಡ್ತಿರೋ ಕಡೆ ಆ ಜಾಯಿಂಟ್ ಮೇಲಿನ ಜಾರುವಿಕೆಯನ್ನೇ ನೇರವಾಗಿ ಲೆಕ್ಕ ಹಾಕಬೇಕು.

ಶಬ್ದದ ಅಲೆಯಿಂದ ಲೆಕ್ಕ ಹಾಕಿದ ಯಂಗ್ಸ್ ಮಾಡ್ಯುಲಸ್ (ಕಲ್ಲು ಎಷ್ಟು ಬಿಗಿ ಅನ್ನೋ ಅಳತೆ) ಕೂಡ ಹಾಗೇ, ಅದು ಲೋಡ್ ಹಾಕಿ ಅಳೆದ ಸ್ಟ್ಯಾಟಿಕ್ ಮಾಡ್ಯುಲಸ್‌ಗಿಂತ ಜಾಸ್ತಿ ಬರತ್ತೆ. ಲಾಗ್‌ನಿಂದ (ಬೋರ್‌ನಲ್ಲಿ ಉಪಕರಣ ಇಳಿಸಿ ಉದ್ದಕ್ಕೂ ದಾಖಲಿಸಿದ ಅಳತೆ) ಬಂದ ಅಂಕಿಯನ್ನ ಅದೇ ಪದರದ ಕೋರ್ ಟೆಸ್ಟ್ ಜೊತೆ ಹೊಂದಿಸಿಕೊಂಡ ಮೇಲೇನೇ ಬಳಸಿ.

ಹಂತ 5: ನೀರು, ಅಂದ್ರೆ ಪೋರ್ ಪ್ರೆಶರ್

1920ರ ದಶಕದಲ್ಲಿ ಟೆರ್ಜಾಘಿ ಹೇಳಿದ್ದು ಇವತ್ತಿಗೂ ಎಲ್ಲದರ ಬುಡ. ಕಲ್ಲಿನ ಕಣಗಳು ನಿಜವಾಗಿ ಹೊರೋದು ಒಟ್ಟು ಸ್ಟ್ರೆಸ್ ಅಲ್ಲ, ಅದರಿಂದ ಪೋರ್ ಪ್ರೆಶರ್ ಕಳೆದು ಉಳಿದಿದ್ದು, ಅದೇ ಎಫೆಕ್ಟಿವ್ ಸ್ಟ್ರೆಸ್. ನೀರಿನ ಒತ್ತಡ ಏರಿದ್ರೆ ಬಿರುಕನ್ನ ಒತ್ತಿ ಹಿಡಿದಿರೋ ಬಲ ಕಮ್ಮಿ ಆಗತ್ತೆ, ಜಾರತ್ತೆ. ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ 2006ರ ಡಿಸೆಂಬರ್‌ನಲ್ಲಿ ಜಿಯೋಥರ್ಮಲ್ ಬಾವಿಗೆ ಒತ್ತಡದಲ್ಲಿ ನೀರು ತುಂಬಿದಾಗ 3.4 ತೀವ್ರತೆಯ ಕಂಪನ ಆಗಿ, ಕೊನೆಗೆ ಆ ಯೋಜನೆಯನ್ನೇ ಕೈಬಿಡಬೇಕಾಯ್ತು.

ಪೋರ್ ಪ್ರೆಶರ್ ಅಳೆಯೋವಾಗ ಜಿಯಾಲಜಿ ಬೇಕೇ ಬೇಕು. ಮರಳುಗಲ್ಲಿನಲ್ಲಿ ಟೂಲ್ ಇಳಿಸಿ ನೇರವಾಗಿ ಅಳೀಬಹುದು, ಶೇಲ್‌ನಲ್ಲಿ ದ್ರವ ಸರಿದಾಡೋದೇ ಇಲ್ಲ ಅನ್ನೋಷ್ಟು ನಿಧಾನ, ಅಲ್ಲಿ ಸೋನಿಕ್ (ಶಬ್ದದ ವೇಗ) ಅಥವಾ ರೆಸಿಸ್ಟಿವಿಟಿ (ವಿದ್ಯುತ್ ತಡೆ) ಲಾಗ್‌ನಿಂದ ಅಂದಾಜು ಮಾಡ್ತಾರೆ. ಆ ಅಂದಾಜು ಕೆಲಸ ಮಾಡೋದು ಒತ್ತಡಕ್ಕೆ ಕಾರಣ ಬೇಗ ಹೂತುಹೋಗಿದ್ದು ಆಗಿದ್ರೆ ಮಾತ್ರ, ಜೇಡಿ ಖನಿಜಗಳ ಬದಲಾವಣೆ ಅಥವಾ ಗ್ಯಾಸ್ ಹುಟ್ಟಿ ಏರಿದ ಒತ್ತಡ ಆಗಿದ್ರೆ ಅದೇ ಸೂತ್ರ ಕಮ್ಮಿ ಉತ್ತರ ಕೊಟ್ಟು ಕೈಕೊಡತ್ತೆ. ಅಂದ್ರೆ ಯಾವ ಸೂತ್ರ ಬಳಸಬೇಕು ಅಂತ ಹೇಳೋದೂ ಮೊದಲ ಹಂತದಲ್ಲಿ ಬರೆದ ಚರಿತ್ರೆಯೇ.

ಹಂತ 6: ಸ್ಟ್ರೆಸ್ ಎಷ್ಟು, ಯಾವ ದಿಕ್ಕು

ಇದು ಎಲ್ಲಕ್ಕಿಂತ ಕಷ್ಟದ ಹಂತ, ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ. ಮೂರು ಸ್ಟ್ರೆಸ್ ಬೇಕು: ಲಂಬ, ದೊಡ್ಡ ಅಡ್ಡ, ಸಣ್ಣ ಅಡ್ಡ. ಲಂಬವಾದದ್ದು ಸುಲಭ, ಮೇಲಿರೋ ಕಲ್ಲಿನ ತೂಕ, ಡೆನ್ಸಿಟಿ ಲಾಗ್ ಕೂಡಿಸಿದ್ರೆ ಬರತ್ತೆ.

2500 ಮೀಟರ್ ಆಳ ತಗೊಳ್ಳಿ, ಸರಾಸರಿ ಡೆನ್ಸಿಟಿ ಘನ ಮೀಟರ್‌ಗೆ 2300 ಕೆಜಿ. ಲಂಬ ಸ್ಟ್ರೆಸ್ ಸುಮಾರು 56.4 ಮೆಗಾಪ್ಯಾಸ್ಕಲ್. ಪೋರ್ ಪ್ರೆಶರ್ ಸಾಮಾನ್ಯ ಮಟ್ಟದಲ್ಲಿದ್ರೆ, ಉಪ್ಪುನೀರಿನ ಲೆಕ್ಕದಲ್ಲಿ 25.3. ಎಫೆಕ್ಟಿವ್ ಲಂಬ ಸ್ಟ್ರೆಸ್ 31.1. ಈಗ ಅಡ್ಡ ಸ್ಟ್ರೆಸ್ ಎಷ್ಟಾದ್ರೂ ಇರೋಕಾಗಲ್ಲ, ಯಾಕಂದ್ರೆ ಮಿತಿ ಮೀರಿದ್ರೆ ಅಲ್ಲಿರೋ ಫಾಲ್ಟ್‌ಗಳೇ ಜಾರಿ ಅದನ್ನ ಇಳಿಸಿಬಿಡತ್ವೆ. ಘರ್ಷಣೆ ಗುಣಾಂಕ 0.6 ಇಟ್ರೆ ದೊಡ್ಡ ಮತ್ತು ಸಣ್ಣ ಎಫೆಕ್ಟಿವ್ ಸ್ಟ್ರೆಸ್‌ಗಳ ಅನುಪಾತ 3.1ರ ಆಸುಪಾಸು ದಾಟೋಕಾಗಲ್ಲ. ಹಾಗಾಗಿ ಸಣ್ಣ ಅಡ್ಡ ಸ್ಟ್ರೆಸ್ ಕನಿಷ್ಠ ಅಂದ್ರೂ ಸುಮಾರು 35 ಇರಬೇಕು, ದೊಡ್ಡದು ಅತಿ ಹೆಚ್ಚು ಅಂದ್ರೂ 122ರ ಹತ್ತಿರ.

ಈ ಹರವು ತುಂಬಾ ಅಗಲ, ಅದನ್ನ ಕಿರಿದು ಮಾಡೋದು ಜಿಯಾಲಜಿ. 1905ರಲ್ಲಿ ಆಂಡರ್ಸನ್ ತೋರಿಸಿಕೊಟ್ಟ ಹಾಗೆ ಫಾಲ್ಟ್‌ನ ಪ್ರಕಾರ ನೋಡಿ ಯಾವ ಸ್ಟ್ರೆಸ್ ದೊಡ್ಡದು ಅಂತ ಹೇಳ್ಬಹುದು. ಈಗ ಚಾಲ್ತಿಯಲ್ಲಿರೋದು ನಾರ್ಮಲ್ ಫಾಲ್ಟ್ (ನೆಲ ಹಿಗ್ಗಿ ಮೇಲಿನ ಬದಿ ಕೆಳಗೆ ಜಾರೋದು) ಆದ್ರೆ ಲಂಬವೇ ದೊಡ್ಡದು, ಸ್ಟ್ರೈಕ್-ಸ್ಲಿಪ್ (ಅಡ್ಡಕ್ಕೆ ಜಾರೋದು) ಆದ್ರೆ ಲಂಬ ಮಧ್ಯದಲ್ಲಿ, ರಿವರ್ಸ್ (ನೆಲ ಒತ್ತಿ ಮೇಲಿನ ಬದಿ ಮೇಲೇರೋದು) ಆದ್ರೆ ಲಂಬವೇ ಸಣ್ಣದು. ಮೇಲಿನ ಉದಾಹರಣೆಯಲ್ಲಿ 35 ಸಾಧ್ಯ ಆಗೋದು ನಾರ್ಮಲ್ ಫಾಲ್ಟ್ ಅಂಚಿನಲ್ಲಿ, 122 ಸಾಧ್ಯ ಆಗೋದು ರಿವರ್ಸ್ ಅಂಚಿನಲ್ಲಿ. ಆದ್ರೆ ಇಲ್ಲಿ ಒಂದು ಎಚ್ಚರಿಕೆ ತುಂಬಾ ಮುಖ್ಯ, ಮ್ಯಾಪ್‌ನಲ್ಲಿರೋ ಫಾಲ್ಟ್ ಕೋಟ್ಯಂತರ ವರ್ಷಗಳ ಹಿಂದಿನ ಸ್ಟ್ರೆಸ್‌ನಲ್ಲಿ ಹುಟ್ಟಿರಬಹುದು, ಅದನ್ನ ನೋಡಿ ಇವತ್ತಿನ ಸ್ಟ್ರೆಸ್ ಹೇಳೋಕಾಗಲ್ಲ. ಇವತ್ತಿನದಕ್ಕೆ ಇವತ್ತಿನ ಸಾಕ್ಷಿ ಬೇಕು: ಭೂಕಂಪದ ದಾಖಲೆಗಳು, 1986ರಲ್ಲಿ ಶುರುವಾದ ವರ್ಲ್ಡ್ ಸ್ಟ್ರೆಸ್ ಮ್ಯಾಪ್, ಮತ್ತು ನಿಮ್ಮದೇ ಬೋರ್‌ಹೋಲ್.

ಬೋರ್‌ಹೋಲ್ ಸ್ವತಃ ಒಳ್ಳೇ ಸ್ಟ್ರೆಸ್ ಮೀಟರ್. ನೇರ ಬೋರ್‌ನಲ್ಲಿ ಗೋಡೆ ಉದುರಿ ಅಗಲ ಆಗೋದು ಸಣ್ಣ ಅಡ್ಡ ಸ್ಟ್ರೆಸ್‌ನ ದಿಕ್ಕಲ್ಲಿ, ಡ್ರಿಲ್ಲಿಂಗ್‌ನಿಂದ ಸೀಳು ಬೀಳೋದು ದೊಡ್ಡದರ ದಿಕ್ಕಲ್ಲಿ, ಇಮೇಜ್ ಲಾಗ್‌ನಲ್ಲಿ ಎರಡೂ ಸ್ಪಷ್ಟವಾಗಿ ಕಾಣತ್ವೆ. ಸಣ್ಣದರ ಪ್ರಮಾಣ ಬೇಕಿದ್ರೆ ಮಿನಿ-ಫ್ರ್ಯಾಕ್ ಅಥವಾ ಎಕ್ಸ್‌ಟೆಂಡೆಡ್ ಲೀಕ್-ಆಫ್ ಟೆಸ್ಟ್ ಮಾಡಿ, ಅಂದ್ರೆ ದ್ರವ ಒತ್ತಿ ಸಣ್ಣ ಸೀಳು ಬಿಡಿಸಿ ನೋಡಿ, ಆ ಸೀಳು ಮುಚ್ಚಿಕೊಳ್ಳೋ ಒತ್ತಡವೇ ಅದು. ದೊಡ್ಡ ಅಡ್ಡ ಸ್ಟ್ರೆಸ್ ನೇರವಾಗಿ ಅಳೆಯೋಕೆ ಆಳದ ಬಾವಿಯಲ್ಲಿ ಒಳ್ಳೇ ದಾರಿ ಇಲ್ಲ, ಗೋಡೆ ಎಷ್ಟು ಅಗಲಕ್ಕೆ ಉದುರಿದೆ ಅನ್ನೋದರಿಂದ ಹಿಂದಕ್ಕೆ ಲೆಕ್ಕ ಹಾಕ್ತಾರೆ, ಅದನ್ನ ಒಂದೇ ಅಂಕಿಯಾಗಿ ಬರೀಬೇಡಿ, ಇಷ್ಟರಿಂದ ಇಷ್ಟು ಅಂತ ಬರೀರಿ.

ಈಗ ಅದೇ 2500 ಮೀಟರ್‌ನಲ್ಲಿ ಪೋರ್ ಪ್ರೆಶರ್ 25.3ರ ಬದಲು 40 ಇದೆ ಅಂದ್ಕೊಳ್ಳಿ. ಎಫೆಕ್ಟಿವ್ ಲಂಬ 16.4ಕ್ಕೆ ಇಳೀತು, ನಾರ್ಮಲ್ ಫಾಲ್ಟ್ ಅಂಚಿನಲ್ಲಿ ಸಣ್ಣ ಅಡ್ಡ ಸ್ಟ್ರೆಸ್ 45ರ ಆಸುಪಾಸು. ಮೊದಲು ಮಡ್ ಪ್ರೆಶರ್‌ಗೆ 25ರಿಂದ 35ರ ತನಕ, ಅಂದ್ರೆ 10 ಮೆಗಾಪ್ಯಾಸ್ಕಲ್ ಜಾಗ ಇತ್ತು, ಈಗ 40ರಿಂದ 45, ಬರೀ 5. ಕಮ್ಮಿ ಆದ್ರೆ ಬಾವಿಗೆ ದ್ರವ ನುಗ್ಗತ್ತೆ, ಜಾಸ್ತಿ ಆದ್ರೆ ಕಲ್ಲು ಸೀಳಿ ಮಡ್ ಹೋಗತ್ತೆ. ಒಂದು ಪದರ ಬೇಗ ಹೂತುಹೋಗಿತ್ತಾ ಇಲ್ವಾ ಅನ್ನೋ ಜಿಯಾಲಜಿ ಪ್ರಶ್ನೆ ಡ್ರಿಲ್ಲಿಂಗ್ ಮಾಡೋರಿಗೆ ಉಳಿಯೋ ಜಾಗವನ್ನ ಅರ್ಧ ಮಾಡಿಬಿಡ್ತು.

ಹಂತ 7: ಹೇಗೆ ಒಡೆಯತ್ತೆ ಅಂತ ಮೊದಲು ಹೇಳಿ, ಆಮೇಲೆ ಮಾಡೆಲ್ ಓಡಿಸಿ

ಸಾಫ್ಟ್‌ವೇರ್ ತೆರೆಯೋ ಮೊದಲು ಪ್ರತಿ ಡೊಮೇನ್‌ಗೂ ಒಂದು ಸಾಲು ಬರೀರಿ, ಇಲ್ಲಿ ಬ್ಲಾಕ್ ಜಾರಿ ಬೀಳತ್ತೆ, ಇಲ್ಲಿ ಗೋಡೆ ಚಕ್ಕೆ ಎದ್ದು ಸಿಡಿಯತ್ತೆ, ಇಲ್ಲಿ ಕಲ್ಲು ಹಿಸುಕಿ ಒಳಗೆ ಬರತ್ತೆ, ಇಲ್ಲಿ ಊದತ್ತೆ. ಬಿರುಕು ಜಾಸ್ತಿ ಸ್ಟ್ರೆಸ್ ಕಮ್ಮಿ ಇದ್ರೆ ಮೊದಲನೆಯದು, ಗಟ್ಟಿ ಕಲ್ಲು ಸ್ಟ್ರೆಸ್ ಜಾಸ್ತಿ ಇದ್ರೆ ಎರಡನೆಯದು, ಮೆತ್ತನೆ ಕಲ್ಲು ಆಳದಲ್ಲಿದ್ರೆ ಮೂರನೆಯದು. ಪ್ರತಿಯೊಂದಕ್ಕೂ ಬೇರೆ ಲೆಕ್ಕ, ಬೇರೆ ಸಪೋರ್ಟ್.

ಕೆನಡಾದ ಮ್ಯಾನಿಟೋಬಾದಲ್ಲಿದ್ದ ಅಂಡರ್‌ಗ್ರೌಂಡ್ ರಿಸರ್ಚ್ ಲ್ಯಾಬೊರೇಟರಿಯ ಪ್ರಯೋಗ ಇದಕ್ಕೆ ನನ್ನ ಪ್ರಕಾರ ಅತ್ಯುತ್ತಮ ಪಾಠ. 420 ಮೀಟರ್ ಆಳದಲ್ಲಿ ಬಿರುಕೇ ಇಲ್ಲದ ಗ್ರಾನೈಟ್‌ನಲ್ಲಿ ಬ್ಲಾಸ್ಟಿಂಗ್ ಇಲ್ಲದೆ ದುಂಡನೆ ಟನಲ್ ಮಾಡಿದ್ರು. ಯುಸಿಎಸ್ 200 ಮೆಗಾಪ್ಯಾಸ್ಕಲ್ ಮೇಲೆ, ಯಾವ ರೇಟಿಂಗ್‌ನಲ್ಲೂ ಒಳ್ಳೇ ಬಂಡೆ. ಹೆಚ್ಚುಕಮ್ಮಿ ಲಂಬ ದಿಕ್ಕಿನ ಸ್ಟ್ರೆಸ್ 11, ಆದ್ರೆ ದೊಡ್ಡ ಅಡ್ಡ ಸ್ಟ್ರೆಸ್ 60. ಟನಲ್ ಅಂಚಿನಲ್ಲಿ ಅತಿ ಹೆಚ್ಚು ಸ್ಟ್ರೆಸ್ ಲೆಕ್ಕ ಹಾಕಿದ್ರೆ 60ರ ಮೂರು ಪಟ್ಟಿನಿಂದ 11 ಕಳೆದು 169, ಅಂದ್ರೆ ಯುಸಿಎಸ್‌ಗಿಂತ ಕಮ್ಮಿ, ಒಡೆಯಬಾರದು. ಆದ್ರೂ ಛಾವಣಿ ಮತ್ತು ನೆಲದಲ್ಲಿ ಚಕ್ಕೆ ಚಕ್ಕೆಯಾಗಿ ಉದುರಿ ವಿ ಆಕಾರದ ಕಚ್ಚು ಬಿತ್ತು. ಗಟ್ಟಿ ಕಲ್ಲಿನ ಒಳಗೆ ಸೂಕ್ಷ್ಮ ಬಿರುಕುಗಳು ಯುಸಿಎಸ್‌ನ ಸುಮಾರು ಶೇಕಡಾ 30ರಿಂದ 50ರಷ್ಟರಲ್ಲೇ ಶುರುವಾಗತ್ವೆ, ಟನಲ್ ಗೋಡೆಯಲ್ಲಿ ಅವನ್ನ ಒತ್ತಿ ಹಿಡಿಯೋಕೆ ಏನೂ ಇರಲ್ಲ, ಅವು ಗೋಡೆಗೆ ಸಮಾನಾಂತರವಾಗಿ ಬೆಳೆದು ಚಕ್ಕೆ ಏಳತ್ತೆ. ಬಿರುಕಿಲ್ಲದ ಬಂಡೆ ಅಂದ ಮಾತ್ರಕ್ಕೆ ಸುರಕ್ಷಿತ ಅಂತಲ್ಲ, ಬಿರುಕೇ ಇಲ್ಲದ್ದರಿಂದ ಅದು ಹಾಗೆ ಸಿಡಿಯೋದು.

ಮಾಡೆಲ್ ಓಡಿಸೋವಾಗ ಒಂದೇ ಸಲ ಎಲ್ಲ ಹಾಕಬೇಡಿ. ಮೊದಲು ಕೈಲೆಕ್ಕ, ಆಮೇಲೆ ಸರಳ ಎರಡು ಆಯಾಮದ ಮಾಡೆಲ್, ಆಮೇಲೆ ಅಗತ್ಯ ಇದ್ರೆ ಮಾತ್ರ ಮೂರು ಆಯಾಮ. ಸ್ಟ್ರೆಸ್ ದಿಕ್ಕು, ಜಾಯಿಂಟ್ ಶಕ್ತಿ, ಪೋರ್ ಪ್ರೆಶರ್ ಇವನ್ನ ಒಂದೊಂದಾಗಿ ಮೇಲೆ ಕೆಳಗೆ ಮಾಡಿ ಉತ್ತರ ಯಾವುದಕ್ಕೆ ಜಾಸ್ತಿ ಅಲ್ಲಾಡತ್ತೆ ನೋಡಿ, ಮುಂದಿನ ಬೋರ್‌ಹೋಲ್‌ನ ದುಡ್ಡು ಅದನ್ನ ಅಳೆಯೋಕೆ ಹೋಗಬೇಕು.

ಹಂತ 8: ನೆಲ ಹೇಳಿದ್ದನ್ನ ಕೇಳಿಸಿಕೊಂಡು ಮತ್ತೆ ಹಂತ 1ಕ್ಕೆ ಹೋಗಿ

ಕೊರೆಯೋಕೆ ಶುರು ಮಾಡಿದ ಮೇಲೆ ಪ್ರತಿ ಘಟನೆಯೂ ಡೇಟಾ. ಮಡ್ ಎಲ್ಲಿ ಕಳೆದುಹೋಯ್ತು, ಪೈಪ್ ಎಲ್ಲಿ ಸಿಕ್ಕಿಕೊಳ್ತು, ಟನಲ್ ಎಷ್ಟು ಮಿಲಿಮೀಟರ್ ಒಳಗೆ ಬಂತು, ಎಲ್ಲವನ್ನೂ ಮಾಡೆಲ್ ಏನು ಹೇಳಿತ್ತು ಅನ್ನೋದರ ಪಕ್ಕದಲ್ಲಿ ಬರೀರಿ. ಹೊಂದದೇ ಹೋದಾಗ ಅಂಕಿಯನ್ನ ತಿರುಚಿ ಹೊಂದಿಸೋ ಆಸೆ ಬರತ್ತೆ, ಅದಕ್ಕೆ ಮೊದಲು ಜಿಯಾಲಜಿ ತಪ್ಪಾಗಿದ್ಯಾ ಅಂತ ನೋಡಿ, ಕಾಣದ ಫಾಲ್ಟ್ ಇದ್ಯಾ, ಪದರದ ಓರೆ ಬದಲಾಗಿದ್ಯಾ.

ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ ಎಣ್ಣೆ ತೆಗೆದ ಹಾಗೆ ಪೋರ್ ಪ್ರೆಶರ್ ಇಳೀತು, ತುಂಬಾ ರಂಧ್ರಗಳಿರೋ ಚಾಕ್ ಅನ್ನೋ ಮೆತ್ತನೆ ಸುಣ್ಣಕಲ್ಲಿನ ಮೇಲೆ ಎಫೆಕ್ಟಿವ್ ಸ್ಟ್ರೆಸ್ ಏರ್ತು, ಚಾಕ್ ಕುಗ್ಗಿತು, ಮೇಲಿನ ಸಮುದ್ರ ತಳವೇ ಇಳೀತು. 1984ರಲ್ಲಿ ಇದು ಗಮನಕ್ಕೆ ಬಂತು, 1987ರಲ್ಲಿ ಪ್ಲ್ಯಾಟ್‌ಫಾರ್ಮ್‌ಗಳನ್ನ ಜ್ಯಾಕ್ ಹಾಕಿ 6 ಮೀಟರ್ ಎತ್ತಬೇಕಾಯ್ತು. ಒತ್ತಡ ವಾಪಸ್ ತರೋಕೆ ನೀರು ತುಂಬಿದ್ರು, ಒತ್ತಡ ಏರಿದ್ರೂ ಕುಗ್ಗೋದು ನಿಲ್ಲಲಿಲ್ಲ, ಯಾಕಂದ್ರೆ ನೀರು ತಾಗಿದ್ರೆ ಚಾಕ್ ಇನ್ನಷ್ಟು ದುರ್ಬಲ ಆಗತ್ತೆ. ಬರೀ ಒತ್ತಡದ ಲೆಕ್ಕದಲ್ಲಿ ಕುಗ್ಗೋದು ನಿಲ್ಲಬೇಕಿತ್ತು, ಕಣಗಳ ಮಟ್ಟದಲ್ಲಿ ನೀರು ಮತ್ತು ಚಾಕ್ ನಡುವೆ ನಡೆಯೋದು ಸೇರಿಸಿದ ಮೇಲೇನೇ ಚಿತ್ರ ಹೊಂದಿದ್ದು.

ಹಾಗಾಗಿ ಮಾಡೆಲ್ ಫೈಲ್ ಜೊತೆ ಒಂದು ಸಣ್ಣ ದಾಖಲೆ ಇಡಿ: ಪ್ರತಿ ಅಂಕಿ ಯಾವ ಬೋರ್‌ಹೋಲ್‌ನ ಯಾವ ಆಳದಿಂದ ಬಂತು, ಯಾವ ಡೊಮೇನ್, ಅಳೆದದ್ದಾ ಅಂದಾಜಾ, ಯಾವ ಜಿಯಾಲಜಿ ಊಹೆ ಮೇಲೆ ನಿಂತಿದೆ, ಆ ಊಹೆ ತಪ್ಪು ಅಂತ ತೋರಿಸೋ ಸಾಕ್ಷಿ ಹೇಗಿರತ್ತೆ. ಈ ಕೊನೇ ಕಾಲಮ್ ಯಾರೂ ತುಂಬಲ್ಲ, ಸೈಟ್‌ನಲ್ಲಿರೋ ಶಿಫ್ಟ್ ಎಂಜಿನಿಯರ್‌ಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರೋದು ಅದೇ, ಅದರ ಪ್ರಿಂಟ್ ಒಂದನ್ನ ಅವರ ಕೈಗೆ ಕೊಡಿ.